ಕೋಲಿ ಕಟ್ಟಿದ ತಂಡಗಳು

ಮ್ಯಾಂಚೆಸ್ಟರ್ ವಿಕ್ಟೋರಿಯಾದಿಂದ ಹೊರಟ ರೈಲು ರಾಚ್‌ಡೇಲ್ ದಾಟಿದ ಮೇಲೆ ಟಾಡ್‌ಮರ್ಡನ್ ಬಳಿ ಎಡಕ್ಕೆ ಹೊರಳುತ್ತದೆ. ಅಲ್ಲಿಂದ ಮುಂದೆ ಮರವಿಲ್ಲದ ಗುಡ್ಡಗಳು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮೋಟುಗೋಡೆಗಳು, ಅಲ್ಲೊಂದು ಇಲ್ಲೊಂದು ಉಳಿದಿರುವ ಹತ್ತಿ ಗಿರಣಿಯ ಚಿಮಣಿ. ಹಿಂದೊಮ್ಮೆ ಕಿತ್ತುಹಾಕಿದ್ದ ಹಳಿಯ ತುಂಡೊಂದನ್ನು 2015ರಲ್ಲಿ ಮತ್ತೆ ಜೋಡಿಸಿದ್ದರಿಂದ ಈಗ ಅಕ್ರಿಂಗ್ಟನ್ನಿಗೆ ರೈಲು ಬದಲಿಸದೆ ಹೋಗಬಹುದು. 2025ರ ಜೂನ್. ಎದುರಿನ ಸೀಟಿನಲ್ಲಿದ್ದ ಹಿರಿಯರು ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಊರಿನ ಹೆಸರು ಹೇಳಿ, ಫುಟ್‌ಬಾಲ್ ಮೈದಾನ ನೋಡುವುದಿದೆ ಎಂದೆ. ಈಗ ಆಟವೇ ಇಲ್ಲವಲ್ಲ, ಆಗಸ್ಟ್‌ನಲ್ಲಿ ಬರಬೇಕಿತ್ತು ಎಂದರು.

ನನಗೆ ಬೇಕಾಗಿದ್ದದ್ದು ಆಟವಿಲ್ಲದ ಆ ದಿನಗಳೇ. ಕೆಳಗಿನ ಲೀಗುಗಳ ಫುಟ್‌ಬಾಲ್ ಮ್ಯಾನೇಜರ್ ಮಾಡುವ ಅತಿ ಕಷ್ಟದ ಕೆಲಸ ಶನಿವಾರ ಮಧ್ಯಾಹ್ನ ಮೂರಕ್ಕೆ ನಡೆಯುವುದಿಲ್ಲ, ಮೇ ಮತ್ತು ಜೂನ್‌ನಲ್ಲಿ ನಡೆಯುತ್ತದೆ ಎಂದು ಬಹುಕಾಲದಿಂದ ಓದುತ್ತ, ಕೇಳುತ್ತ ಬಂದವನು ನಾನು. ಆ ಕೆಲಸವನ್ನು ಎರಡು ದಶಕಕ್ಕೂ ಮಿಗಿಲಾಗಿ ಒಂದೇ ಊರಿನಲ್ಲಿ ಮಾಡಿದವರು ಜಾನ್ ಕೋಲ್ಮನ್. ಊರಿನವರ ಬಾಯಲ್ಲಿ ಕೋಲಿ. ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಒಂದು ಕ್ಲಬ್ಬಿನಲ್ಲಿ ಎರಡು ವರ್ಷ ಉಳಿದರೆ ಅದೇ ದೊಡ್ಡ ಮಾತು. ಅಂಥದ್ದರಲ್ಲಿ ಈ ಮನುಷ್ಯ ಸಾವಿರಕ್ಕೂ ಹೆಚ್ಚು ಪಂದ್ಯಗಳನ್ನು ಅಕ್ರಿಂಗ್ಟನ್ ಸ್ಟ್ಯಾನ್ಲಿಯ ಪರವಾಗಿ ಗೆರೆಯ ಪಕ್ಕದಲ್ಲಿ ನಿಂತು ಕಳೆದರು. ಅವರು ಕ್ಲಬ್ಬು ಬಿಟ್ಟು ವರ್ಷದ ಮೇಲಾಗಿತ್ತು. ಅವರು ನಿಂತ ಜಾಗವನ್ನಾದರೂ ನೋಡಬೇಕೆನಿಸಿತ್ತು.

ಅಕ್ರಿಂಗ್ಟನ್ ಇರುವುದು ಲ್ಯಾಂಕಶೈರಿನ ಪೂರ್ವಭಾಗದಲ್ಲಿ. ಜನಸಂಖ್ಯೆ ಸುಮಾರು 35 ಸಾವಿರ. ಪಶ್ಚಿಮಕ್ಕೆ ಆರೇಳು ಕಿಲೋಮೀಟರ್ ಹೋದರೆ ಬ್ಲ್ಯಾಕ್‌ಬರ್ನ್, ಪೂರ್ವಕ್ಕೆ ಹತ್ತು ಹೋದರೆ ಬರ್ನ್ಲಿ. ಎರಡೂ ಊರಿನ ಕ್ಲಬ್ಬುಗಳು ಇಂಗ್ಲೆಂಡಿನ ಚಾಂಪಿಯನ್ ಆಗಿದ್ದಂಥವು: ಬರ್ನ್ಲಿ 1921 ಮತ್ತು 1960ರಲ್ಲಿ, ಬ್ಲ್ಯಾಕ್‌ಬರ್ನ್ ಕೊನೆಯ ಸಲ 1995ರಲ್ಲಿ. ಬ್ಲ್ಯಾಕ್‌ಬರ್ನ್ ರೋವರ್ಸ್ ಈಗ ಪುಣೆಯ ವೆಂಕೀಸ್ ಕಂಪನಿಯ ಒಡೆತನದಲ್ಲಿದೆ. ಅಕ್ರಿಂಗ್ಟನ್ನಿನ ಹುಡುಗ ಫುಟ್‌ಬಾಲ್ ಹುಚ್ಚು ಹಿಡಿಸಿಕೊಂಡರೆ ಈ ಎರಡರಲ್ಲೊಂದರ ಅಂಗಿ ತೊಡುವುದು ಸಹಜ. ನಡುವೆ ಸಿಕ್ಕಿಕೊಂಡ ಸಣ್ಣ ಕ್ಲಬ್ಬಿಗೆ ಉಳಿಯುವುದು ಊರ ಮೇಲಿನ ಅಭಿಮಾನ ಬಿಡದವರು ಮಾತ್ರ.

ನಿಲ್ದಾಣದಿಂದ ಇಳಿದು ಪೇಟೆಯ ಕಡೆ ನಡೆದರೆ ಊರಿನ ಹಳೆಯ ಸಿರಿ ಕಾಣುತ್ತದೆ. ಕಮಾನಿನ ಮೇಲೆ ಕಮಾನಿಟ್ಟ ರೈಲು ಸೇತುವೆ, 1869ರ ಮಾರುಕಟ್ಟೆ ಕಟ್ಟಡ, ಕಡುಕೆಂಪು ಇಟ್ಟಿಗೆಯ ಸಾಲುಮನೆಗಳು. ಇಲ್ಲಿನ ಇಟ್ಟಿಗೆ ಗಡಸುತನಕ್ಕೆ ಹೆಸರುವಾಸಿ. ಬಟ್ಟೆಗೆ ಅಚ್ಚು ಹಾಕುವ ಕೆಲಸ, ನೂಲುವ ಯಂತ್ರ ತಯಾರಿಸುವ ದೊಡ್ಡ ಕಾರ್ಖಾನೆ, ಎರಡೂ ಇಲ್ಲಿದ್ದವು. ಈ ಸೀಮೆಯ ಬಟ್ಟೆ ಹಡಗು ಹತ್ತಿ ನಮ್ಮ ದೇಶಕ್ಕೆ ಬರುತ್ತಿತ್ತು. ಸ್ವದೇಶಿ ಚಳವಳಿಯ ಬಿಸಿ ತಟ್ಟಿ ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರನ್ನು ಕಂಡು ಮಾತಾಡಲು 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಬಂದ ಡಾರ್ವನ್ ಊರು ಇಲ್ಲಿಗೆ ಹತ್ತಿರವೇ. 1916ರ ಜುಲೈ 1ರ ಬೆಳಗ್ಗೆ ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ಈ ಊರಿನ ಮತ್ತು ಸುತ್ತಲಿನವರೇ ಸೇರಿ ಕಟ್ಟಿದ್ದ ಪಡೆಯ ಸುಮಾರು 700 ಮಂದಿ ಮುನ್ನುಗ್ಗಿದರು. ಅರ್ಧ ಗಂಟೆಯಲ್ಲಿ ಅವರಲ್ಲಿ 580ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಒಂದೊಂದು ಬೀದಿಯಲ್ಲೂ ಹಲವು ಮನೆಗಳಿಗೆ ಒಟ್ಟಿಗೇ ಸಾವಿನ ಸುದ್ದಿ ಬಂತು. ಫುಟ್‌ಬಾಲ್ ಕಥೆಗೆ ಇದೆಲ್ಲ ಯಾಕೆ ಎನ್ನಬಹುದು. ಕಳೆದುಕೊಂಡದ್ದನ್ನು ಬಿಡದೆ ನೆನೆಯುವ ಊರು ಇದು. ಫುಟ್‌ಬಾಲ್ ಕ್ಲಬ್ಬನ್ನೂ ಅದು ಹಾಗೆಯೇ ನೆನೆದಿತ್ತು.

1888ರಲ್ಲಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಶುರುವಾದಾಗ ಇದ್ದ 12 ಕ್ಲಬ್ಬುಗಳಲ್ಲಿ ಅಕ್ರಿಂಗ್ಟನ್ ಒಂದು. ಅದು ಬೇರೆ ಕ್ಲಬ್ಬು, ಐದೇ ವರ್ಷದಲ್ಲಿ ಲೀಗ್ ಬಿಟ್ಟಿತು. ಅದು ಆಡುತ್ತಿದ್ದ ಥಾರ್ನಿಹೋಮ್ ರಸ್ತೆಯ ಮೈದಾನದಲ್ಲಿ ಇಂದಿಗೂ ಕ್ರಿಕೆಟ್ ನಡೆಯುತ್ತದೆ. ಶೇನ್ ವಾರ್ನ್ 1991ರಲ್ಲಿ ಒಂದು ಬೇಸಿಗೆ ಇಲ್ಲಿನ ಕ್ರಿಕೆಟ್ ಕ್ಲಬ್ಬಿಗೆ ಸಂಬಳಕ್ಕೆ ಆಡಿದ್ದರು. ಅಕ್ರಿಂಗ್ಟನ್ ಸ್ಟ್ಯಾನ್ಲಿ ಹುಟ್ಟಿದ್ದು 1891ರಲ್ಲಿ, ಲೀಗಿಗೆ ಬಂದದ್ದು 1921ರಲ್ಲಿ, ಸಾಲದಲ್ಲಿ ಮುಳುಗಿದ್ದು 1962ರಲ್ಲಿ. ಸೇನಾ ಪ್ರದರ್ಶನಕ್ಕೆಂದು ಆಲ್ಡರ್‌ಶಾಟ್‌ನಲ್ಲಿ ಕಟ್ಟಿದ್ದ ಹಳೆಯ ಸ್ಟ್ಯಾಂಡೊಂದನ್ನು ಅಗ್ಗಕ್ಕೆ ಕೊಂಡು ತಂದಿದ್ದರಂತೆ. ಅದನ್ನು ಸಾಗಿಸಿ ನಿಲ್ಲಿಸುವ ಖರ್ಚು ಕೊಂಡ ಬೆಲೆಯ ಹಲವು ಪಟ್ಟಾಯಿತು. ಸಾಲ 60 ಸಾವಿರ ಪೌಂಡಿನ ಆಸುಪಾಸು ಮುಟ್ಟಿದಾಗ, ಆ ಮಾರ್ಚ್‌ನಲ್ಲಿ, ಋತುವಿನ ನಡುವೆಯೇ ರಾಜೀನಾಮೆ ಪತ್ರ ಹೋಯಿತು. ಮನಸ್ಸು ಬದಲಿಸಿ ಪತ್ರ ವಾಪಸ್ ಕೇಳಿದರೂ ಲೀಗ್ ಒಪ್ಪಲಿಲ್ಲ. ಕ್ಲಬ್ಬು ಕುಂಟುತ್ತ ನಡೆದು 1966ರಲ್ಲಿ ಪೂರ್ತಿ ಮುಚ್ಚಿತು. 1968ರಲ್ಲಿ ಊರವರು ಮತ್ತೆ ಕಟ್ಟಿದರು. ಹೆಸರು ಅದೇ, ಆದರೆ ತಳದಿಂದ ಆರಂಭ.

ಕೋಲ್ಮನ್ ಹುಟ್ಟಿದ್ದು ಅದೇ 1962ರ ಅಕ್ಟೋಬರಿನಲ್ಲಿ, ಲಿವರ್‌ಪೂಲ್ ಪಕ್ಕದ ಕರ್ಕ್‌ಬಿಯಲ್ಲಿ. ಆಟಗಾರನಾಗಿ ಅವರು ಲೀಗಿನ ಹೊರಗಿನ ಕ್ಲಬ್ಬುಗಳಲ್ಲೇ ಉಳಿದ ಸ್ಟ್ರೈಕರ್. ಸೌತ್‌ಪೋರ್ಟ್, ಮೋರ್ಕಂಬ್, ರಂಕಾರ್ನ್, ಹೀಗೆ ಊರೂರು ಸುತ್ತಿ ನೂರಾರು ಗೋಲು ಹೊಡೆದರು. ಹೊಟ್ಟೆಪಾಡಿಗೆ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಆ್ಯಷ್ಟನ್ ಯುನೈಟೆಡ್‌ನಲ್ಲಿ ಆಡುತ್ತಲೇ ಮ್ಯಾನೇಜರ್ ಕೆಲಸವನ್ನೂ ಕಲಿತರು. 1999ರಲ್ಲಿ ಅಕ್ರಿಂಗ್ಟನ್ ಕರೆದಾಗ ಆ ಕ್ಲಬ್ಬು ಏಳನೆಯ ಹಂತಕ್ಕೆ ಜಾರಿತ್ತು. ಪ್ರೀಮಿಯರ್ ಲೀಗ್ ಒಂದನೆಯ ಹಂತ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಗೆಳೆಯ ಜಿಮ್ಮಿ ಬೆಲ್ ಅವರನ್ನು ಸಹಾಯಕನಾಗಿ ಕರೆದುಕೊಂಡು ಬಂದರು.

ಮೈದಾನ ಇರುವುದು ಪೇಟೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ಉತ್ತರಕ್ಕೆ, ವ್ಹಾಲಿ ರಸ್ತೆಯಲ್ಲಿ. ಏರು ದಾರಿ. ಪಕ್ಕದ ಕ್ರೌನ್ ಪಬ್ಬಿನ ಹೆಸರೇ ಮೈದಾನಕ್ಕೂ ಬಂದಿದೆ. ಈಗ ಪ್ಲಾಸ್ಟಿಕ್ ಡಬ್ಬಿ ತಯಾರಿಸುವ ಸ್ಥಳೀಯ ಕಾರ್ಖಾನೆಯ ಹೆಸರನ್ನೂ ಬೋರ್ಡಿನಲ್ಲಿ ಹಾಕಿದ್ದಾರೆ, ಆದರೆ ದಾರಿ ಕೇಳಿದವರೆಲ್ಲ ಕ್ರೌನ್ ಎಂದೇ ಹೇಳಿದರು. ಗೇಟು ತೆರೆದಿತ್ತು. ಹುಲ್ಲು ನೋಡಿಕೊಳ್ಳುವವರೊಬ್ಬರು ಗೋಲ್ ಬಾಯಿಯ ಹತ್ತಿರ, ತುಳಿದು ತುಳಿದು ಬೋಳಾದ ಜಾಗದಲ್ಲಿ, ಬೀಜ ಬೆರೆಸಿದ ಮರಳನ್ನು ಹರಡುತ್ತಿದ್ದರು. ಒಳಗೆ ಬರಬಹುದೇ ಎಂದಾಗ, ಹುಲ್ಲಿನ ಮೇಲೆ ಕಾಲಿಡದಿದ್ದರೆ ಎಲ್ಲಿ ಬೇಕಾದರೂ ಹೋಗಿ ಎಂದರು.

ಐದೂವರೆ ಸಾವಿರ ಜನರೂ ಹಿಡಿಸದ ಜಾಗ. ಗೋಲಿನ ಹಿಂದೆ ಸೂರಿಲ್ಲದ ಕಾಂಕ್ರೀಟ್ ಮೆಟ್ಟಿಲುಗಳು. ಅಲ್ಲಿ ನಿಂತರೆ ತಂಡದ ಬೆಂಚಿನ ಮುಂದೆ ಬಿಳಿ ಬಣ್ಣದಲ್ಲಿ ಎಳೆದ ಚೌಕ ಕಾಣುತ್ತದೆ. ಮ್ಯಾನೇಜರ್ ಆ ಚೌಕ ದಾಟಿ ಹೊರಬರುವಂತಿಲ್ಲ. ನಾನು ಅದರ ಹಿಂದಿನ ಸೀಟುಗಳಿಗೆ ಹೋಗಿ ಕುಳಿತೆ. ಕೈಗೆಟಕುವಷ್ಟು ಹತ್ತಿರ. ಇಲ್ಲಿ ಕೂತವನ ಬೈಗುಳ ಅಲ್ಲಿ ನಿಂತವನಿಗೆ ಪದಪದವೂ ಕೇಳುತ್ತದೆ, ಅವನ ಕೂಗು ಇವನಿಗೆ. ದೊಡ್ಡ ಕ್ರೀಡಾಂಗಣದಲ್ಲಿ ಬೈಗುಳ ಗದ್ದಲದಲ್ಲಿ ಕರಗಿಹೋಗುತ್ತದೆ, ಬೈದವನ ಮುಖ ಕಾಣುವುದಿಲ್ಲ. ಇಲ್ಲಿ ಬೈದವನು ಸೋಮವಾರ ಅಂಗಡಿಯಲ್ಲಿ ಸಿಗುತ್ತಾನೆ. ಎರಡು ಸಾವಿರ ಜನರ ಎದುರು, ಹೀಗೆ ಮುಖಕ್ಕೆ ಮುಖ ಕೊಟ್ಟು, ಅಷ್ಟು ವರ್ಷ ನಿಲ್ಲಲು ಎಂಥ ಗಟ್ಟಿತನ ಬೇಕು ಎಂಬುದು ಆ ಸೀಟಿನಲ್ಲಿ ಕೂತಾಗ ನನಗೆ ಅರ್ಥವಾಯಿತು.

2000ದಲ್ಲಿ ಒಂದು ಬಡ್ತಿ, 2003ರಲ್ಲಿ ಇನ್ನೊಂದು, 2006ರಲ್ಲಿ ಮತ್ತೊಂದು. 44 ವರ್ಷದ ನಂತರ ಅಕ್ರಿಂಗ್ಟನ್ ಸ್ಟ್ಯಾನ್ಲಿ ಫುಟ್‌ಬಾಲ್ ಲೀಗಿಗೆ ಮರಳಿತು. 1962ರಲ್ಲಿ ತೆರವಾದ ಸ್ಥಾನಕ್ಕೆ ಬಂದಿದ್ದದ್ದು ಆಕ್ಸ್‌ಫರ್ಡ್ ಯುನೈಟೆಡ್. 2006ರಲ್ಲಿ ಲೀಗಿನಿಂದ ಕೆಳಗಿಳಿದ ತಂಡಗಳಲ್ಲಿ ಒಂದು ಅದೇ ಆಕ್ಸ್‌ಫರ್ಡ್. ಇಷ್ಟಕ್ಕೆ ಬೇಕಾದ ಹಣದ ಒಂದು ಭಾಗ ಬಂದದ್ದು ಹಳೆಯ ಒಪ್ಪಂದದ ಒಂದು ಸಾಲಿನಿಂದ. 1997ರಲ್ಲಿ ಬ್ರೆಟ್ ಆರ್ಮರಾಡ್ ಎಂಬ ಸ್ಟ್ರೈಕರನ್ನು 50 ಸಾವಿರ ಪೌಂಡಿಗೆ ಬ್ಲ್ಯಾಕ್‌ಪೂಲಿಗೆ ಮಾರುವಾಗ, ಮುಂದೆ ಅವನನ್ನು ಮಾರಿದರೆ ಕಾಲು ಪಾಲು ನಮಗೆ ಎಂದು ಬರೆಸಿಕೊಂಡಿದ್ದರು. 2001ರಲ್ಲಿ ಸೌತಾಂಪ್ಟನ್ ಅವನನ್ನು ಹತ್ತು ಲಕ್ಷಕ್ಕೂ ಹೆಚ್ಚು ಕೊಟ್ಟು ಕೊಂಡಿತು. ಸಣ್ಣ ಕ್ಲಬ್ಬಿನ ಬದುಕು ಇಂಥ ಸಾಲುಗಳ ಮೇಲೆ ನಿಂತಿರುತ್ತದೆ. ಹಣ ಕೈಗೆ ಬಂದರೂ ಅದನ್ನು ಗೆಲುವಾಗಿ ಮಾಡುವವರು ಬೇಕಲ್ಲ.

ಈಗ ಜೂನ್ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನ ಆಟಗಾರರ ಕರಾರುಗಳು ಸಾಮಾನ್ಯವಾಗಿ ಮುಗಿಯುವುದು ಜೂನ್ 30ಕ್ಕೆ. ಲೀಗ್ ಮುಗಿದೊಡನೆ, ಮೇನಲ್ಲಿ, ಪ್ರತಿ ಕ್ಲಬ್ಬೂ ಒಂದು ಪಟ್ಟಿ ಹೊರಡಿಸುತ್ತದೆ: ಯಾರು ಉಳಿಯುತ್ತಾರೆ, ಯಾರನ್ನು ಬಿಟ್ಟಿದ್ದೇವೆ, ಯಾರಿಗೆ ಹೊಸ ಕರಾರು ಕೊಡಲು ಮಾತು ನಡೆದಿದೆ. ಮೇಲಿನ ಕ್ಲಬ್ಬುಗಳಲ್ಲಿ ಈ ಪಟ್ಟಿ ತಂಡದ ಅಂಚನ್ನು ಮಾತ್ರ ತಟ್ಟುತ್ತದೆ. ನಾಲ್ಕನೆಯ ಹಂತದಲ್ಲಿ ಒಂದು ವರ್ಷದ ಕರಾರುಗಳೇ ಹೆಚ್ಚು, ಹಾಗಾಗಿ ತಂಡದ ಅರ್ಧವೇ ಎದ್ದುಹೋಗಬಹುದು. ಚೆನ್ನಾಗಿ ಆಡಿದವನನ್ನು ದೊಡ್ಡವರು ಕರೆಯುತ್ತಾರೆ, ಚೆನ್ನಾಗಿ ಆಡದವನನ್ನು ಮ್ಯಾನೇಜರ್ ತಾನೇ ಕರೆದು ಹೇಳಬೇಕು. ಲೋನ್ ಮೇಲೆ ಬಂದ ಹುಡುಗರು ತಮ್ಮ ಕ್ಲಬ್ಬಿಗೆ ಮರಳುತ್ತಾರೆ. ಜುಲೈ ಮೊದಲ ವಾರ ಅಭ್ಯಾಸಕ್ಕೆ ಸೇರುವಾಗ ಇರುವುದು ಅರೆಬರೆ ತಂಡ, ಆಗಸ್ಟ್‌ನಲ್ಲಿ ಪಂದ್ಯ. ಮಡಿಕೆಯೊಳಗಿನ ಬೀಜ ಮುಗಿದ ಮೇಲೆ ಊರೂರು ಕೇಳಿಕೊಂಡು ತಂದು ಬಿತ್ತುವ ರೈತನ ಪಾಡು.

ಕೋಲ್ಮನ್ ಇದನ್ನು ವರ್ಷವೂ ಮಾಡಿದರು. ಬೇರೆಯವರು ಬಿಟ್ಟವರನ್ನು, ಬೇರೆಯವರು ನೋಡದವರನ್ನು ಹುಡುಕಿ ತಂದರು. ಕಾಲ್ಬಿ ಬಿಷಪ್ ಎಂಬ ಹುಡುಗ ಲೀಗಿನ ಹೊರಗಿನ ಲೆಮಿಂಗ್ಟನ್‌ಗೆ ಆಡುತ್ತ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. 2019ರಲ್ಲಿ ಅಕ್ರಿಂಗ್ಟನ್ನಿಗೆ ಬಂದ, ಗೋಲು ಹೊಡೆದ, 2022ರಲ್ಲಿ ಪೋರ್ಟ್ಸ್‌ಮತ್ ಕೊಂಡುಕೊಂಡಿತು. ಶಾಲೆಯಿಂದ ಮೈದಾನಕ್ಕೆ ಬಂದ ಮೇಷ್ಟ್ರಿಗೆ ಅಂಥದ್ದೇ ಹುಡುಗನ ಕಷ್ಟ ಬೇರೆ ಯಾರಿಗಿಂತ ಚೆನ್ನಾಗಿ ತಿಳಿದಿರಬೇಕು. ಡಿಯಾನ್ ಚಾರ್ಲ್ಸ್ ಸೌತ್‌ಪೋರ್ಟ್‌ನಿಂದ ಬಂದು ಬೋಲ್ಟನ್ನಿಗೆ ಹೋದ. ಜೋರ್ಡನ್ ಕ್ಲಾರ್ಕ್ ಇಲ್ಲಿಂದ ಲೂಟನ್ ಸೇರಿ ಪ್ರೀಮಿಯರ್ ಲೀಗ್ ತನಕ ಮುಟ್ಟಿದ. ಕೆಲವರನ್ನು ಮಾರಿದ್ದು ಅನಿವಾರ್ಯಕ್ಕೆ. ಆ ದುಡ್ಡಿನಲ್ಲೇ ಉಳಿದವರ ಸಂಬಳ.

2016ರ ಮೇ 7ರ ಶನಿವಾರವನ್ನು ಇಲ್ಲಿನವರು ಇನ್ನೂ ಮರೆತಿಲ್ಲ. ಕ್ಲಬ್ಬಿನ ಅಂಗಡಿಯಲ್ಲಿ ಆ ದಿನದ ಮಾತೆತ್ತಿದಾಗ ಕೌಂಟರಿನಲ್ಲಿದ್ದ ಹೆಂಗಸು ಕಣ್ಣು ಮುಚ್ಚಿ ತಲೆಯಾಡಿಸಿದರು. ನಾಲ್ಕನೆಯ ಹಂತವಾದ ಲೀಗ್ ಟುವಿನ ಕೊನೆಯ ಪಂದ್ಯ. ಮೊದಲ ಮೂರು ತಂಡಗಳಿಗೆ ನೇರ ಬಡ್ತಿ, ಅಕ್ರಿಂಗ್ಟನ್ ಎರಡನೆಯದು. ಸ್ಟೀವನೇಜ್ ವಿರುದ್ಧ ಗೆದ್ದರೆ ಯಾರ ಹಂಗೂ ಇಲ್ಲ. ಎಷ್ಟು ಒತ್ತಿದರೂ ಗೋಲು ಬರಲಿಲ್ಲ, ಆಟ ಗೋಲಿಲ್ಲದೆ ಸಮವಾಯಿತು. ದೂರದ ಬ್ರಿಸ್ಟಲ್‌ನಲ್ಲಿ, ಬೆನ್ನ ಹಿಂದೆಯೇ ಇದ್ದ ಬ್ರಿಸ್ಟಲ್ ರೋವರ್ಸ್ ಕೂಡ ಸಮದಲ್ಲೇ ಇದ್ದರು, ಹಾಗೇ ಮುಗಿದಿದ್ದರೆ ಸಾಕಿತ್ತು. 92ನೆಯ ನಿಮಿಷದಲ್ಲಿ ಅವರು ಗೋಲು ಹೊಡೆದರು. ಅಂಕ ಸಮ, ಗೋಲಿನ ಅಂತರದಲ್ಲಿ ಅಕ್ರಿಂಗ್ಟನ್ ನಾಲ್ಕನೆಯದು. ಪ್ಲೇ-ಆಫ್ ಸೆಮಿಫೈನಲ್‌ನಲ್ಲಿ ಹೆಚ್ಚುವರಿ ಸಮಯದವರೆಗೆ ಎಳೆದು ವಿಂಬಲ್ಡನ್ ಎದುರು ಸೋತರು. ಆ ಬೇಸಿಗೆಯಲ್ಲಿ ತಂಡದ ಜಾಶ್ ವಿಂಡಸ್ ಮತ್ತು ಮ್ಯಾಟ್ ಕ್ರೂಕ್ಸ್ ಸ್ಕಾಟ್ಲೆಂಡಿನ ರೇಂಜರ್ಸ್‌ಗೆ ಹೋದರು. ಹತ್ತಿರ ಬಂದು ತಪ್ಪಿದ ತಂಡ ಇನ್ನೊಂದು ಸಲ ಪ್ರಯತ್ನಿಸಲೂ ಉಳಿಯಲಿಲ್ಲ. ನನ್ನ ಮಟ್ಟಿಗೆ ಕೋಲ್ಮನ್ ವೃತ್ತಿಯ ಎತ್ತರ ಇದಾದ ಮೇಲಿನ ಎರಡು ವರ್ಷ. ಮುರಿದದ್ದನ್ನು ಬೇರೆಯವರನ್ನಿಟ್ಟುಕೊಂಡು ಮತ್ತೆ ಕಟ್ಟಿ, 2018ರ ಏಪ್ರಿಲ್ 17ರಂದು ಇದೇ ಮೈದಾನದಲ್ಲಿ ಯೋವಿಲ್ ತಂಡವನ್ನು 2–0ರಿಂದ ಸೋಲಿಸಿ ಬಡ್ತಿ ಗೆದ್ದರು, ಕೊನೆಗೆ ಚಾಂಪಿಯನ್ನರೂ ಆದರು. ಏಳನೆಯ ಹಂತದಲ್ಲಿ ಕೈಗೆತ್ತಿಕೊಂಡ ಕ್ಲಬ್ಬನ್ನು ಮೂರನೆಯ ಹಂತಕ್ಕೆ ತಂದು ನಿಲ್ಲಿಸಿದರು.

ಅಂದು ಎರಡೂ ಗೋಲು ಹೊಡೆದವರು ಬಿಲ್ಲಿ ಕೀ. ಆ ಋತುವಿನಲ್ಲಿ ಲೀಗಿನಲ್ಲೇ 25 ಗೋಲು. 2020ರ ಜನವರಿಯಲ್ಲಿ, ಮೂವತ್ತು ತುಂಬುವ ಮೊದಲೇ, ಅವರು ವೃತ್ತಿ ಫುಟ್‌ಬಾಲ್ ಬಿಟ್ಟರು. ಖಿನ್ನತೆ, ಆತಂಕ ಮತ್ತು ಆಹಾರಕ್ಕೆ ಸಂಬಂಧಿಸಿದ ಕಾಯಿಲೆಯಿಂದ ಬಳಲುತ್ತಿರುವುದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡರು. ಊರಿಗೆ ಅಷ್ಟು ಸಂತೋಷ ಕೊಟ್ಟವರು ಒಳಗೊಳಗೇ ಎಷ್ಟು ನೊಂದಿದ್ದರು ಎಂದು ಆಗ ತಿಳಿಯಿತು. ಕ್ಲಬ್ಬು ಅವರನ್ನು ಕರಾರಿಗೆ ಕಟ್ಟಿಹಾಕದೆ ಬಿಟ್ಟುಕೊಟ್ಟಿತು. ಸ್ಟ್ರೈಕರ್ ಸಿಗುವುದೇ ಕಷ್ಟವಾದ ಹಂತದಲ್ಲಿ ಇದು ಸಣ್ಣ ಸಂಗತಿಯಲ್ಲ.

ನಮ್ಮ ಬೆಂಗಳೂರಿಗೂ ಈ ಲೋಕದ ಜನ ಗೊತ್ತು. 2013ರಲ್ಲಿ ಹೊಸದಾಗಿ ಶುರುವಾದ ಬೆಂಗಳೂರು ಎಫ್‌ಸಿಯನ್ನು ಮೊದಲ ವರ್ಷವೇ ಐ-ಲೀಗ್ ಚಾಂಪಿಯನ್ ಮಾಡಿದ ಆ್ಯಷ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನ ಕೆಳಗಿನ ಲೀಗುಗಳಲ್ಲಿ ಆಡಿ ಬಂದವರು. 2022ರಲ್ಲಿ ಡ್ಯುರಾಂಡ್ ಕಪ್ ಗೆಲ್ಲಿಸಿದ ಸೈಮನ್ ಗ್ರೇಸನ್, ಅದರ ಹಿಂದಿನ ವರ್ಷ ಲ್ಯಾಂಕಶೈರಿನ ಕಡಲೂರು ಫ್ಲೀಟ್‌ವುಡ್‌ನಲ್ಲಿ ಮ್ಯಾನೇಜರ್ ಆಗಿ ಕೋಲ್ಮನ್ ತಂಡವಿದ್ದ ಅದೇ ಲೀಗಿನಲ್ಲಿದ್ದರು. ಕಂಠೀರವದ ಬೆಂಚಿನ ಮುಂದೆ ನಿಂತು ಕೈಬೀಸುತ್ತಿದ್ದವರ ಹಿಂದೆ ಇಂಥ ಎಷ್ಟು ಜೂನ್‌ಗಳಿದ್ದವು ಎಂದು ಗ್ಯಾಲರಿಯಲ್ಲಿ ಕೂತು ಕೂಗುತ್ತಿದ್ದ ನಮಗೆ ಹೊಳೆದಿರಲಿಲ್ಲ.

ಕೋಲ್ಮನ್ ಒಮ್ಮೆ ಅಕ್ರಿಂಗ್ಟನ್ ಬಿಟ್ಟಿದ್ದರು. 2009ರಲ್ಲಿ ಕ್ಲಬ್ಬು ತೆರಿಗೆ ಬಾಕಿಗೆ ಸಿಕ್ಕಿ ಮುಚ್ಚುವ ಸ್ಥಿತಿಗೆ ಬಂದಿತ್ತು. ಅಭಿಮಾನಿಗಳು ಡಬ್ಬಿ ಹಿಡಿದು ಹಣ ಕೂಡಿಸಿದರು, ಇಲಿಯಾಸ್ ಖಾನ್ ಎಂಬ ಉದ್ಯಮಿ ಮುಂದೆ ಬಂದು ಉಳಿಸಿದರು. ಅದನ್ನೂ ದಾಟಿಸಿದ ಮೇಲೆ, 2012ರ ಜನವರಿಯಲ್ಲಿ, ಒಂದು ಹಂತ ಮೇಲಿದ್ದ ರಾಚ್‌ಡೇಲಿಗೆ ಹೋದರು, ಜಿಮ್ಮಿ ಬೆಲ್ ಜೊತೆಗೇ. ನಾನು ಬೆಳಗ್ಗೆ ದಾಟಿ ಬಂದ ನಿಲ್ದಾಣ ಅದು, ಅಷ್ಟು ಹತ್ತಿರ. ಒಂದು ವರ್ಷದಲ್ಲಿ ಅಲ್ಲಿಂದ ತೆಗೆದರು. ಸೌತ್‌ಪೋರ್ಟ್‌ನಲ್ಲಿ ಕೆಲವು ತಿಂಗಳು, ಐರ್ಲೆಂಡಿನ ಸ್ಲೈಗೊದಲ್ಲಿ ಒಂದು ಬೇಸಿಗೆ. 2014ರ ಸೆಪ್ಟೆಂಬರಿನಲ್ಲಿ ಇಬ್ಬರೂ ಅಕ್ರಿಂಗ್ಟನ್ನಿಗೆ ಮರಳಿದರು. ಮರುವರ್ಷ ಆ್ಯಂಡಿ ಹೋಲ್ಟ್ ಕ್ಲಬ್ಬನ್ನು ಕೊಂಡು ಹಣದ ಗೊಂದಲ ತೀರಿಸಿದರು, ಊರಿನ ಶಾಲೆಯ ಪುಟ್ಟ ಮಕ್ಕಳಿಗೆ ಕ್ಲಬ್ಬಿನ ಕೆಂಪು ಅಂಗಿ ಪುಕ್ಕಟೆ ಹಂಚತೊಡಗಿದರು.

ಮೂರನೆಯ ಹಂತದಲ್ಲಿ ಐದು ವರ್ಷ. ಸಂಡರ್‌ಲ್ಯಾಂಡ್, ಪೋರ್ಟ್ಸ್‌ಮತ್‌ನಂಥ ಹಳೆಯ ದೊಡ್ಡವರ ಜೊತೆ ಒಂದೇ ಪಟ್ಟಿಯಲ್ಲಿ ಹೆಸರು. 2021ರಲ್ಲಿ 11ನೆಯ ಸ್ಥಾನ. 2023ರ ಜನವರಿಯಲ್ಲಿ ಎಫ್‌ಎ ಕಪ್‌ಗೆ ಪ್ರೀಮಿಯರ್ ಲೀಗಿನ ಲೀಡ್ಸ್ ತಂಡ ಇಲ್ಲಿಗೇ ಬಂದು ಆಡಿತು. ಅದೇ ವರ್ಷ ಅಕ್ರಿಂಗ್ಟನ್ ಕೆಳಗಿಳಿಯಿತು. 2024ರ ಮಾರ್ಚ್‌ನಲ್ಲಿ ಕೋಲ್ಮನ್ ಮತ್ತು ಬೆಲ್ ಇಬ್ಬರನ್ನೂ ಕೆಲಸದಿಂದ ತೆಗೆದರು.

ಆ ನಿರ್ಧಾರದ ಬಗ್ಗೆ ಅಂಗಡಿಯ ಹೆಂಗಸನ್ನೂ ಪಬ್ಬಿನಲ್ಲಿ ಪಕ್ಕ ಕೂತಿದ್ದವರನ್ನೂ ಕೇಳಿದೆ. ಯಾರೂ ಕ್ಲಬ್ಬನ್ನು ಶಪಿಸಲಿಲ್ಲ, ಯಾರೂ ಸರಿಯಾಯಿತು ಎನ್ನಲಿಲ್ಲ. ಪಬ್ಬಿನಲ್ಲಿದ್ದವರು ಮಾತ್ರ, ತಮ್ಮ ಮಗ ಹುಟ್ಟಿ ದೊಡ್ಡವನಾಗಿ ಕೆಲಸಕ್ಕೆ ಸೇರುವವರೆಗೂ ಇಲ್ಲಿ ಹೆಚ್ಚುಕಡಿಮೆ ಒಬ್ಬನೇ ಗ್ಯಾಫರ್, ಅಂದರೆ ಮ್ಯಾನೇಜರ್, ಇದ್ದ ಎಂದರು. ಹಣವಿಲ್ಲದ ಕ್ಲಬ್ಬು ಸೋಲುತ್ತ ಹೋದರೆ ಒಡೆಯನಿಗೆ ಬದಲಿಸಬಹುದಾದದ್ದು ಮ್ಯಾನೇಜರ್ ಒಬ್ಬನನ್ನೇ ಎಂಬುದು ನನಗೂ ತಿಳಿಯುತ್ತದೆ. ಆದರೂ ಋತುವಿಗೆ ಉಳಿದಿದ್ದದ್ದು ಎರಡೇ ತಿಂಗಳು. ಕೊನೆಯ ಪಂದ್ಯದ ದಿನ ಆ ಬಿಳಿ ಚೌಕದಿಂದ ಹೊರಬಂದು ನಾಲ್ಕೂ ಕಡೆಯ ಜನರಿಗೆ ಕೈಯೆತ್ತಿ ಹೋಗಲು ಅವಕಾಶ ಕೊಡಬೇಕಿತ್ತು. ಅಷ್ಟು ಋಣ ಊರಿನ ಮೇಲಿತ್ತು.

ಅದಾದ ಮೇಲೆ ಅವರು 2025ರ ಜನವರಿಯಲ್ಲಿ ಕೆಂಟ್ ಸೀಮೆಯ ಜಿಲ್ಲಿಂಗಮ್ ಕ್ಲಬ್ಬಿಗೆ ಹೋದರು, ಮೂರು ತಿಂಗಳು ತುಂಬುವ ಮೊದಲೇ ಅಲ್ಲಿಂದ ಹೊರಬಂದರು. ವಯಸ್ಸು 62. ಸಾಕೆನ್ನಬಹುದಿತ್ತು. ಆ ವಸಂತದಲ್ಲೇ ಐರ್ಲೆಂಡಿನ ವಾಟರ್‌ಫರ್ಡ್ ಕರೆಯಿತು, ಹೋದರು. ಐರಿಷ್ ಲೀಗ್ ನಡೆಯುವುದು ಫೆಬ್ರುವರಿಯಿಂದ ನವೆಂಬರ್ ತನಕ, ಪಂದ್ಯಗಳು ಹೆಚ್ಚಾಗಿ ಶುಕ್ರವಾರ ರಾತ್ರಿ. ನಾನು ಅಕ್ರಿಂಗ್ಟನ್ನಿನಲ್ಲಿದ್ದ ಆ ವಾರ ಅವರು ಸಮುದ್ರದಾಚೆ, ಬೇರೆ ಯಾರೋ ಆರಿಸಿಟ್ಟ ಹುಡುಗರನ್ನು ಶುಕ್ರವಾರದ ಪಂದ್ಯಕ್ಕೆ ಅಣಿಮಾಡುತ್ತಿದ್ದರು.